ವಿಧವೆಯರ ನಿಧಿಯ ಲೆಕ್ಕ

ಮನುಷ್ಯನ ಆಯುಷ್ಯ ಯಾರ ಎಣಿಕೆಗೂ ಸಿಕ್ಕುವುದಲ್ಲ ಎಂಬುದು ನಮ್ಮ ಹಿರಿಯರ ನಂಬಿಕೆ. ಒಬ್ಬನ ಮಟ್ಟಿಗೆ ಆ ಮಾತು ಇಂದಿಗೂ ನಿಜ. ಆದರೆ ಸಾವಿರ ಜನರ ಮಟ್ಟಿಗೆ ಅದು ಹಾಗಲ್ಲವೆಂದು ಕಂಡುಕೊಂಡ ಇಬ್ಬರು ಪಾದ್ರಿಗಳ ವಿಚಾರವನ್ನು ಈ ಹೊತ್ತು ಹೇಳಬಯಸುತ್ತೇನೆ. ನಾನು ಸಾಹಿತ್ಯದ ವಿದ್ಯಾರ್ಥಿ. ಗಣಿತ ನನ್ನ ಕ್ಷೇತ್ರವಲ್ಲ. ಆದರೂ ಈ ಲೆಕ್ಕದ ಹಿಂದಿರುವ ಕಾರುಣ್ಯ ನನ್ನನ್ನು ಬಹುವಾಗಿ ಸೆಳೆದಿದೆ.

ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಪಾದ್ರಿಯೊಬ್ಬ ತೀರಿಕೊಂಡರೆ ಅವನ ಮನೆಯವರಿಗೆ ದೊರೆಯುತ್ತಿದ್ದುದು ಅರ್ಧ ವರ್ಷದ ವೇತನ. ವಾಸದ ಮನೆ ಚರ್ಚಿನದು. ಅದನ್ನೂ ತೆರವು ಮಾಡಬೇಕು. ಆಮೇಲೆ ವಿಧವೆಗೆ ಪರರ ದಾನವೇ ಗತಿ. ಎಡಿನ್‌ಬರೋ ನಗರದ ಪಾದ್ರಿಗಳಾದ ರಾಬರ್ಟ್ ವ್ಯಾಲೇಸ್ ಮತ್ತು ಅಲೆಗ್ಸಾಂಡರ್ ವೆಬ್‌ಸ್ಟರ್ ಇದಕ್ಕೆ ಪರಿಹಾರ ಹುಡುಕಲು ಹೊರಟವರು, ಮರುಕದ ಮಾತಿಗಿಂತ ಮೊದಲು ಅಂಕಿಗಳನ್ನು ಕೂಡಿಹಾಕಿದರು. ಯಾವ ಕಾಲದಲ್ಲಿ ನೋಡಿದರೂ ಬದುಕಿರುವ ಪಾದ್ರಿಗಳು ಸರಾಸರಿ 930. ವರ್ಷಕ್ಕೆ ತೀರಿಕೊಳ್ಳುವವರು 27. ಅವರಲ್ಲಿ ಹೆಂಡತಿಯನ್ನು ಬಿಟ್ಟು ಹೋಗುವವರು 18. ಬ್ರೆಸ್ಲಾವ್ ನಗರದ ಜನನ ಮರಣಗಳಿಂದ ಖಗೋಳಜ್ಞ ಹ್ಯಾಲಿ 1693ರಲ್ಲಿ ರಚಿಸಿದ್ದ ಆಯುಷ್ಯದ ಕೋಷ್ಟಕವೂ ಅವರಿಗೆ ನೆರವಾಯಿತು. ಗಣಿತಜ್ಞ ಮೆಕ್ಲಾರಿನ್ ಲೆಕ್ಕವನ್ನು ಪರಿಶೀಲಿಸಿಕೊಟ್ಟ. 1744ರಲ್ಲಿ ನಿಧಿ ಆರಂಭವಾಯಿತು. ಪಾದ್ರಿ ಕಟ್ಟುವ ಕಂತಿಗೆ ತಕ್ಕಂತೆ ಅವನ ವಿಧವೆಗೆ ವರ್ಷಕ್ಕೆ 10ರಿಂದ 25 ಪೌಂಡಿನವರೆಗೆ ಸಲ್ಲಬೇಕೆಂದು ಗೊತ್ತಾಯಿತು.

ಆದರೆ ಸರಾಸರಿಯೊಂದನ್ನೇ ನಂಬಿ ಹಣದ ಸಂಸ್ಥೆಯನ್ನು ನಡೆಸಬಹುದೇ? ಒಂದು ವರ್ಷ ಇಪ್ಪತ್ತು ಮಂದಿ ಸಾಯಬಹುದು, ಮತ್ತೊಂದು ವರ್ಷ ಮೂವತ್ತೈದು. ಈ ಏರಿಳಿತಕ್ಕೂ ಒಂದು ಕಟ್ಟಳೆಯುಂಟೆಂದು ತೋರಿಸಿದವನು ಅಬ್ರಹಾಂ ಡಿಮಾಯ್ವರ್. ಧರ್ಮದ ಕಾರಣದಿಂದ ಫ್ರಾನ್ಸನ್ನು ಬಿಟ್ಟು ಲಂಡನ್ನಿಗೆ ಬಂದು, ಮನೆಪಾಠ ಹೇಳಿ ಹೊಟ್ಟೆ ಹೊರೆದ ಈತ 1733ರಲ್ಲಿ ಪ್ರಕಟಿಸಿದ ಪುಟ್ಟ ಬರಹದಲ್ಲಿ, ಇಂದು ನಾವು ಪ್ರಸಾಮಾನ್ಯ ವಿತರಣೆ ಎನ್ನುವ ಗಂಟೆಯಾಕಾರದ ರೇಖೆಯ ಮೂಲವಿದೆ. ಪಾದ್ರಿಗಳ ಅಂಕಿಗಳಿಗೆ ಅದನ್ನು ಹಚ್ಚಿ ನೋಡೋಣ. 27ರ ಸುತ್ತಣ ವಿಚಲನೆ ಸುಮಾರು 5 ಎಂದಾಗುತ್ತದೆ. ಎಂದರೆ, ಮೂರು ವರ್ಷಗಳಲ್ಲಿ ಹೆಚ್ಚುಕಡಮೆ ಎರಡು ವರ್ಷ ಸಾವಿನ ಸಂಖ್ಯೆ 22ಕ್ಕೂ 32ಕ್ಕೂ ನಡುವೆ ನಿಲ್ಲುತ್ತದೆ. 37ನ್ನು ಮೀರುವುದು ಅಪರೂಪ. ಕೈಯಲ್ಲಿ ಎಷ್ಟು ಹಣವಿರಬೇಕೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. 930 ಜನರಲ್ಲಿ ಏರಿಳಿತ ಸರಾಸರಿಯ ಐದನೆಯ ಒಂದು ಪಾಲು. 93 ಜನರ ನಿಧಿಯಾಗಿದ್ದರೆ ಅದು ಅರ್ಧಕ್ಕೂ ಹೆಚ್ಚು. ಬಹುಮಂದಿ ಕೂಡಿದಷ್ಟೂ ಒಬ್ಬೊಬ್ಬರ ಭಾರ ಹಗುರ.

1765ಕ್ಕೆ ನಿಧಿ ಸುಮಾರು 58,000 ಪೌಂಡಿಗೆ ಬೆಳೆಯಿತು. ಮುಂಗಂಡ ಮೊತ್ತಕ್ಕೂ ಅದಕ್ಕೂ ಇದ್ದ ಅಂತರ ಒಂದೇ ಪೌಂಡು ಎಂದು ಇತಿಹಾಸಕಾರರು ಬೆರಗಿನಿಂದ ಬರೆಯುತ್ತಾರೆ. ನನಗೆ ಆ ಒಂದು ಪೌಂಡು ದೊಡ್ಡದೆನಿಸುವುದಿಲ್ಲ. ಅಷ್ಟು ಕರಾರುವಾಕ್ಕಾದ ಹೊಂದಿಕೆಯಲ್ಲಿ ಅದೃಷ್ಟದ ಪಾಲೂ ಇದೆಯೆಂದು ಆ ಗಂಟೆಯ ರೇಖೆಯೇ ಹೇಳುತ್ತದೆ. ಮಹಾಮಾರಿಯಂತೆ ಒಂದೇ ಕಾರಣ ಎಲ್ಲರನ್ನೂ ಒಟ್ಟಿಗೆ ಬಡಿದರೆ ಈ ಲೆಕ್ಕ ನಿಲ್ಲುವುದೂ ಇಲ್ಲ. ದೊಡ್ಡದು ಯಾವುದೆಂದರೆ, ದಾನವಾಗಿದ್ದದ್ದು ಹಕ್ಕಾಯಿತು. ವಿಧವೆ ಯಾರ ಬಾಗಿಲಲ್ಲೂ ಕೈಚಾಚಬೇಕಾಗಲಿಲ್ಲ.

ನಮ್ಮ ಮೈಸೂರು ಸಂಸ್ಥಾನವೂ 1891ರಲ್ಲಿ ತನ್ನ ನೌಕರರಿಗಾಗಿ ವಿಮೆಯ ಏರ್ಪಾಟು ಮಾಡಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದು. ಸರ್ಕಾರಿ ಕಾಲೇಜಿನ ಅಧ್ಯಾಪಕನಾಗಿದ್ದ ನನ್ನ ಸಂಬಳದಿಂದಲೂ ಅದರ ಕಂತು ತಿಂಗಳು ತಿಂಗಳೂ ಕಳೆಯುತ್ತಿತ್ತು. ಅದು ಯಾವುದೋ ಊರಿನ ಅಪರಿಚಿತ ಸಂಸಾರಕ್ಕೆ ಆಧಾರವಾಗಿರಬೇಕು.

ಕನ್ನಡದಲ್ಲಿ ‘ವಿಧಿ’ ಎಂದರೆ ಹಣೆಬರಹವೂ ಹೌದು, ನಿಯಮವೂ ಹೌದು. ಯಾರ ಮನೆಗೆ ಸಾವು ಬರುವುದೆಂಬುದು ಮೊದಲನೆಯ ಅರ್ಥಕ್ಕೆ ಸೇರಿದ್ದು. ಬಂದ ಮನೆಯಲ್ಲಿ ಒಲೆ ಆರದಂತೆ ನೋಡಿಕೊಳ್ಳುವುದು ಎರಡನೆಯದಕ್ಕೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ, ಎರಡನೆಯದು ಇದೆ.