ಆರು ವಿದ್ಯಾರ್ಥಿನಿಯರಿಂದ ಆರಂಭವಾದ ವೃತ್ತಿಶಾಲೆ

ಹೆಣ್ಣುಮಕ್ಕಳ ವೃತ್ತಿ ತರಬೇತಿ ಎಂದೊಡನೆ ನಮಗೆ ಮೊದಲು ನೆನಪಾಗುವುದು ಹೊಲಿಗೆ ಯಂತ್ರ. ಹೊಲಿಗೆ ಎಂದರೆ ಹೆಣ್ಣು ತಾಯಿಯ ಮಡಿಲಲ್ಲೇ ಕಲಿಯುವ ವಿದ್ಯೆ, ಅದಕ್ಕೆ ಶಾಲೆಯೇಕೆ ಎಂದು ಕೇಳುವವರೂ ಇದ್ದಾರೆ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲೂ ಜನ ಹಾಗೆಯೇ ತಿಳಿದಿದ್ದರು. ಆ ತಿಳುವಳಿಕೆ ತಪ್ಪೆಂದು ಕಣ್ಣಾರೆ ಕಂಡ ಒಬ್ಬ ಮಹಿಳೆ ಕಟ್ಟಿದ ಶಾಲೆಯ ಕಥೆ ಇದು.

ಎಲಿಜಾ ಲೆಮೊನಿಯೆ 1805ರಲ್ಲಿ ದಕ್ಷಿಣ ಫ್ರಾನ್ಸಿನ ಸೊರೆಜ್ ಎಂಬ ಊರಿನಲ್ಲಿ ಜನಿಸಿದರು. ಪತಿ ಶಾರ್ಲ್ ಲೆಮೊನಿಯೆ ಸಮಾಜ ಸುಧಾರಣೆಯ ಚಿಂತನೆಯುಳ್ಳವರು. 1848ರ ಕ್ರಾಂತಿಯ ವೇಳೆ ದಂಪತಿಗಳು ಪ್ಯಾರಿಸ್ಸಿನಲ್ಲಿದ್ದರು. ಆಗ ಕೆಲಸ ಕಳೆದುಕೊಂಡ ಕುಟುಂಬಗಳ ಬವಣೆ ಹೇಳತೀರದು. ಎಲಿಜಾ ಅವರು ಬಡ ತಾಯಂದಿರಿಗಾಗಿ ಒಂದು ಹೊಲಿಗೆ ಕಾರ್ಯಾಗಾರ ತೆರೆದು, ಆಸ್ಪತ್ರೆ ಮತ್ತು ಸೆರೆಮನೆಗಳಿಗೆ ಬೇಕಾದ ಬಟ್ಟೆ ಹೊಲಿಯುವ ಕೆಲಸವನ್ನು ತಂದುಕೊಟ್ಟರು. ಸುಮಾರು 200 ಮಹಿಳೆಯರು ಬಂದರು. ಬಂದವರಲ್ಲಿ ಬಹುಪಾಲು ಮಂದಿಗೆ ಸರಿಯಾಗಿ ಹೊಲಿಯಲು ಬರುತ್ತಿರಲಿಲ್ಲ! ದಾನದಿಂದ ಒಂದೆರಡು ತಿಂಗಳು ಹೊಟ್ಟೆ ತುಂಬಬಹುದು, ಕೈಗೆ ಕಸುಬು ಬರುವುದಿಲ್ಲ ಎಂಬುದು ಅವರಿಗೆ ಅಂದೇ ಮನವರಿಕೆಯಾಯಿತು.

ಆದರೆ ಕಸುಬು ಕಲಿಯುವುದೆಲ್ಲಿ? 1850ರ ಕಾನೂನು 800ಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳು ಅನುಕೂಲವಿದ್ದರೆ ಬಾಲಕಿಯರ ಪ್ರಾಥಮಿಕ ಶಾಲೆ ನಡೆಸಬೇಕೆಂದಿತು. ಅದರಾಚೆಗೆ ಬಡ ಹುಡುಗಿಗೆ ಇದ್ದ ದಾರಿ ಯಾವುದಾದರೂ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರುವುದು. ಅಲ್ಲಿ ಯಜಮಾನಿಯ ಮನೆಗೆಲಸ ಮಾಡುವುದು, ಗಿರಾಕಿಗಳಿಗೆ ಬಟ್ಟೆ ತಲುಪಿಸುವುದು, ಇದರಲ್ಲೇ ವರ್ಷಗಳು ಕಳೆಯುತ್ತಿದ್ದವು. ನಮ್ಮೂರಿನ ದರ್ಜಿ ಅಂಗಡಿಗಳಲ್ಲಿ ಗುಂಡಿ ಹಚ್ಚುತ್ತಲೇ ಬಾಲ್ಯ ಕಳೆದ ಹುಡುಗರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1856ರಲ್ಲಿ ಎಲಿಜಾ ಅವರು ಗೆಳತಿಯರೊಡನೆ ಒಂದು ಸಣ್ಣ ಸಂಘ ಕಟ್ಟಿ, ಕೆಲವು ಹುಡುಗಿಯರ ಕಲಿಕೆಯ ಖರ್ಚು ವಹಿಸಿಕೊಂಡರು. 1862ರಲ್ಲಿ ಅದು ಮಹಿಳೆಯರ ವೃತ್ತಿ ಶಿಕ್ಷಣ ಸಂಘವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಮಾರೆ ಬಡಾವಣೆಯ ಪೆರ್ಲ್ ಬೀದಿಯಲ್ಲಿ ಶಾಲೆ ತೆರೆಯಿತು. ಮೊದಲು ಬಂದವರು ಆರೇ ಮಂದಿ.

ಶಾಲೆಯ ನಿಯಮಗಳನ್ನು ಗಮನಿಸಬೇಕು. ಸೇರಲು 12 ವರ್ಷ ತುಂಬಿರಬೇಕು, ಪ್ರಾಥಮಿಕ ಪಾಠಗಳು ಬಂದಿರಬೇಕು. ಬೆಳಿಗ್ಗೆ ಎಲ್ಲರಿಗೂ ಸಾಮಾನ್ಯ ಪಾಠ: ಭಾಷೆ, ಗಣಿತ, ಇತಿಹಾಸ, ಭೂಗೋಳ. ಮಧ್ಯಾಹ್ನದ ನಂತರ ತಾನು ಆರಿಸಿಕೊಂಡ ವೃತ್ತಿ. ಅದು ಹೊಲಿಗೆಯೇ ಆಗಬೇಕೆಂದಿರಲಿಲ್ಲ. ವ್ಯಾಪಾರದ ಲೆಕ್ಕಪತ್ರ, ಕೈಗಾರಿಕಾ ರೇಖಾಚಿತ್ರ, ಮರದ ಅಚ್ಚಿನ ಕೆತ್ತನೆ, ಪಿಂಗಾಣಿಯ ಮೇಲೆ ಚಿತ್ರ ಬಿಡಿಸುವುದು ಸಹ ಇದ್ದವು. ಅರ್ಧ ದಿನ ಪುಸ್ತಕ, ಅರ್ಧ ದಿನ ಕಸುಬು ಎಂಬ ಈ ಏರ್ಪಾಡೇ ಶಾಲೆಯ ಜೀವಾಳವೆಂದು ನನ್ನ ಅಭಿಪ್ರಾಯ. ಲೆಕ್ಕ ಬಾರದ ದರ್ಜಿಯ ಕೂಲಿಯನ್ನು ಗುತ್ತಿಗೆದಾರನೇ ನಿರ್ಧರಿಸುತ್ತಾನಲ್ಲವೇ?

ಶಿಕ್ಷಣ ಉಚಿತವಾಗಿರಲಿಲ್ಲ, ತಿಂಗಳಿಗೆ ಶುಲ್ಕವಿತ್ತು. ದಾನಕ್ಕೆ ಕೈಯೊಡ್ಡುವ ಶಾಲೆಯೆಂಬ ಹೆಸರು ಬರಬಾರದೆಂಬ ಎಚ್ಚರ ಇದರ ಹಿಂದಿದ್ದಂತೆ ತೋರುತ್ತದೆ. ಆದರೂ ಕಡುಬಡವರ ಮಕ್ಕಳಿಗೆ ಇದು ಅಡ್ಡಿಯಾಗದೆ ಇರಲಿಲ್ಲ ಎನ್ನಲೇಬೇಕು.

ಹೆಚ್ಚು ವಿವಾದಕ್ಕೊಳಗಾದ ನಿಯಮ ಇನ್ನೊಂದು. ಶಾಲೆಯಲ್ಲಿ ಧರ್ಮಬೋಧನೆ ಇರುವುದಿಲ್ಲ, ಅದು ತಂದೆತಾಯಿಗಳ ಹೊಣೆ; ಎಲ್ಲ ಮತದ ಹುಡುಗಿಯರಿಗೂ ಪ್ರವೇಶವಿದೆ. ಹುಡುಗಿಯರ ಶಿಕ್ಷಣ ಬಹುಮಟ್ಟಿಗೆ ಕ್ರೈಸ್ತ ಸನ್ಯಾಸಿನಿಯರ ಕೈಯಲ್ಲಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಇಂಥ ಶಾಲೆಗಳನ್ನು ಧರ್ಮಹೀನವೆಂದು ಕೆಲವು ಧರ್ಮಗುರುಗಳು ಖಂಡಿಸಿದರು. ಅಲ್ಪಸಂಖ್ಯಾತ ಪ್ರಾಟೆಸ್ಟೆಂಟ್ ಮತ್ತು ಯಹೂದಿ ಮನೆಗಳವರಿಗಾದರೋ ಅದೇ ನಿಯಮ ಬಾಗಿಲು ತೆರೆದಿಟ್ಟಿತು.

ಎಲಿಜಾ 1865ರಲ್ಲಿ ತೀರಿಕೊಂಡರು. ಶಾಲೆಗೆ ಆಗಿನ್ನೂ ಮೂರು ವರ್ಷವೂ ತುಂಬಿರಲಿಲ್ಲ. ಸಂಘ ಕೆಲಸ ನಿಲ್ಲಿಸಲಿಲ್ಲ, ಪ್ಯಾರಿಸ್ಸಿನಲ್ಲಿ ಇನ್ನಷ್ಟು ಶಾಲೆಗಳನ್ನು ತೆರೆಯಿತು. ಬಾಲಕಿಯರಿಗೆ ಸರ್ಕಾರಿ ಪ್ರೌಢಶಾಲೆಗಳನ್ನು ನೀಡುವ ಕಾನೂನು ಫ್ರಾನ್ಸಿನಲ್ಲಿ ಬಂದದ್ದು 1880ರಲ್ಲಿ. ಪ್ಯಾರಿಸ್ಸಿನ ಒಂದು ವೃತ್ತಿಶಿಕ್ಷಣ ಶಾಲೆಗೆ ಮುಂದೆ ಎಲಿಜಾ ಲೆಮೊನಿಯೆ ಅವರ ಹೆಸರನ್ನೇ ಇಡಲಾಯಿತು.