ತಾಳಮದ್ದಳೆಯ ವಾದ, ತೋಟದ ಪುರಾವೆ: ಪುತ್ತೂರು, ಸುಳ್ಯ, ಕಡಬದ ಹದಿಹರೆಯದವರ ಶಾಲೆಯಾಚೆಗಿನ ಕಲಿಕೆ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಎಳೆಯರಿಗೆ ಪ್ರಶ್ನಿಸುವ ಅಭ್ಯಾಸ ಹಿಡಿಸಿದ ನೆಲೆಗಳು ಶಾಲೆಯ ಹೊರಗೂ ಇವೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಪುತ್ತೂರಿನ ಬಾಲವನ. ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟ ಶಿವರಾಮ ಕಾರಂತರು (1902–1997) ಇಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಹೊರತಂದರು. ಪಾಠದ ಕ್ರಮಕ್ಕೆ ಕಟ್ಟುಬೀಳದೆ ಬೇಕಾದ ಪುಟ ತೆರೆದು ಓದಬಹುದಾದ ವಿಶ್ವಕೋಶವದು.

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯ ಬೇರು ಇನ್ನೂ ಆಳ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳಿದ ಮೇಲೆ ಎದುರುಬದುರು ಕೂತ ಅರ್ಥಧಾರಿಗಳು ಆಶುವಾಗಿ ಮಾತು ಬೆಳೆಸುತ್ತಾರೆ. ‘ವಾಲಿಮೋಕ್ಷ’ದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದರೆ, ರಾಮನ ಪಾತ್ರಧಾರಿ ದೇವರೆಂಬ ಹೆಸರಿನ ಬಲದಿಂದ ಪಾರಾಗುವಂತಿಲ್ಲ, ಉತ್ತರ ಕೊಡಲೇಬೇಕು. ತಾಳಮದ್ದಳೆ ಸಂಘದ ಕೂಟದಲ್ಲಿ ಕೂರುವ ಹೈಸ್ಕೂಲು ಹುಡುಗನಿಗೆ ಇಂದು ವಾಲಿ, ಮುಂದೊಮ್ಮೆ ರಾಮ ಸಿಕ್ಕಾನು. ಒಂದೇ ಪ್ರಶ್ನೆಯ ಎರಡು ಮಗ್ಗುಲನ್ನೂ ಅವನು ಹೊತ್ತುಕೊಳ್ಳಬೇಕಾಗುತ್ತದೆ. ಆದರೆ ಇಲ್ಲೊಂದು ಮಿತಿಯಿದೆ. ಪ್ರಸಂಗದ ಮುಕ್ತಾಯ ಮೊದಲೇ ಗೊತ್ತು. ಚುರುಕು ಮಾತು ಗೆಲ್ಲುತ್ತದೆ, ಪುರಾವೆಯ ಪ್ರಶ್ನೆ ಏಳುವುದು ಕಡಿಮೆ.

ಆ ಕೊರತೆಯನ್ನು ಅಡಿಕೆ ತೋಟ ತುಂಬಬಲ್ಲದು. ಕೊಳೆರೋಗಕ್ಕೆ ಬಿಡುವ ಮದ್ದು, ಅಂದರೆ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ, 50 ಲೀಟರ್ ನೀರಿನಲ್ಲಿ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಇನ್ನೊಂದು 50 ಲೀಟರಿನಲ್ಲಿ 1 ಕಿಲೋ ಸುಣ್ಣ ಕರಗಿಸಿ ಬೆರೆಸುತ್ತಾರೆ. ಹದವಾಗಿದೆಯೇ ಎಂದು ತಿಳಿಯಲು ಹೊಳೆಯುವ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡುವುದುಂಟು. ಅಲಗಿಗೆ ಕೆಂಪು ಲೇಪ ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಹಿರಿಯರು ‘ಸರಿಯಾಗಿದೆ’ ಅಂದರೂ ಚೂರಿ ಒಪ್ಪಬೇಕು! ಹತ್ತನೆಯ ತರಗತಿಯ ಪುಸ್ತಕದ ಸ್ಥಾನಪಲ್ಲಟ ಕ್ರಿಯೆ ಇದೇ. ಪಾಠವನ್ನೂ ಮದ್ದಿನ ಡ್ರಮ್ಮನ್ನೂ ಜೋಡಿಸಿ ತೋರಿಸುವವರು ಮಾತ್ರ ವಿರಳ.

ಪುರಾವೆ ಬರೆದಿಡುವ ರೂಢಿಯೂ ಇಲ್ಲಿದೆ: ದಿನವೂ ಮಳೆ ಅಳೆದು ದಶಕಗಳ ಲೆಕ್ಕ ಬರೆದಿಟ್ಟ ಕೃಷಿಕರು ಸುಳ್ಯದಲ್ಲಿದ್ದಾರೆ. ಬೆಳೆಗಾರರ ಅನುಭವವನ್ನು ಅವರಿಂದಲೇ ಬರೆಸಿದ ‘ಅಡಿಕೆ ಪತ್ರಿಕೆ’ 1988ರಲ್ಲಿ ಪುತ್ತೂರಿನಿಂದ ಹೊರಟಿತು. ಕಡಬದ ಕಡೆಗೆ ಹೋದರೆ ಕಿದುವಿನ ಸಂಶೋಧನಾ ಕೇಂದ್ರದಲ್ಲಿ ಹಲವು ದೇಶಗಳ ತೆಂಗಿನ ತಳಿಗಳ ಸಂಗ್ರಹವಿದೆ.

ತೋಟವಿಲ್ಲದ, ಕೂಟಗಳ ಬಳಕೆಯೂ ಇಲ್ಲದ ಮನೆಗಳ ಮಕ್ಕಳಿಗೆ ಇವು ತಾವಾಗಿ ಎಟುಕುವುದಿಲ್ಲ. ಅವರಿಗೆ ಹತ್ತಿರದ ಬಾಗಿಲು ಗ್ರಾಮ ಪಂಚಾಯತ್ ಗ್ರಂಥಾಲಯ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ಮಳೆಮಾಪಕವೊಂದನ್ನು ಅದರ ಅಂಗಳದಲ್ಲಿಟ್ಟು ಲೆಕ್ಕದ ಪುಸ್ತಕವನ್ನು ಮಕ್ಕಳ ಕೈಗೆ ಕೊಡಲು ಹೆಚ್ಚಿನ ಖರ್ಚೇನೂ ಬೇಕಿಲ್ಲ.