ಹೊಸ್ತಿಲಲ್ಲೇ ನಿಂತ ಕಾನೂನು

ಇಳಕಲ್ಲಿನಲ್ಲಿ ಕೈಮಗ್ಗ ಇರುವುದು ಹೆಚ್ಚಾಗಿ ಮನೆಯೊಳಗೇ. ಅದೇ ಸೂರಿನಡಿ ಕೂಸಿನ ತೊಟ್ಟಿಲು. ಮಗ್ಗದ ಬಳಿ ಯಾರಾದರೂ ಬೀಡಿ ಹಚ್ಚಿದರೆ ಹೊಗೆ ತೊಟ್ಟಿಲಿಗೂ ಹೋಗುತ್ತದೆ.

ಈ ಹೊಗೆಯ ಲೆಕ್ಕ ಹಿಡಿದದ್ದು ತಡವಾಗಿ. 1974ರಲ್ಲಿ ಬ್ರಿಟನ್ನಿನ ವೈದ್ಯರು 2,000ಕ್ಕೂ ಹೆಚ್ಚು ಶಿಶುಗಳ ಅಧ್ಯಯನವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ತಂದೆ ತಾಯಿ ಇಬ್ಬರೂ ಸೇದುವ ಮನೆಗಳಲ್ಲಿ, ಮೊದಲ ವರ್ಷ ನ್ಯುಮೋನಿಯಾ, ಬ್ರಾಂಕೈಟಿಸ್ ಕಾಣಿಸಿಕೊಂಡ ಪ್ರಮಾಣ ಸೇದದವರ ಮನೆಗಳ ಎರಡು ಪಟ್ಟಿಗೂ ಹೆಚ್ಚಿತ್ತು. ಕೂಸಿನ ಶ್ವಾಸನಾಳ ಸಣ್ಣದು, ಉಸಿರಾಟ ದೊಡ್ಡವರಿಗಿಂತ ಚುರುಕು. 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಇನ್ನೂ ಮುಂದೆ ಹೋಯಿತು: ಈ ಹೊಗೆ ಶಿಶುಗಳ ಹಠಾತ್ ಸಾವಿಗೂ ಕಾರಣ, ಕಿಟಕಿ ತೆರೆದಿಟ್ಟರೆ ಸಾಲದು.

ನಮ್ಮಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ತಡೆಯಲು ಆದೇಶಿಸಿತು. 2003ರಲ್ಲಿ ಕೋಟ್ಪಾ ಕಾಯ್ದೆ ಬಂತು. 2008ರ ಅಕ್ಟೋಬರ್ 2ರಿಂದ ಹೊಸ ನಿಯಮಗಳು ಕಚೇರಿ, ಹೋಟೆಲ್‌ಗಳನ್ನೂ ಒಳಗೊಂಡವು. ಮನೆ ಮಾತ್ರ ಹೊರಗುಳಿಯಿತು.

ಬಾಗಲಕೋಟೆಯ ಕಚೇರಿಯಲ್ಲಿ, ಬಾದಾಮಿಯ ಹೋಟೆಲ್‌ನಲ್ಲಿ ದೊಡ್ಡವರಿಗೆ ಸಿಕ್ಕ ರಕ್ಷಣೆ ತೊಟ್ಟಿಲಿಗೆ ಸಿಕ್ಕಿಲ್ಲ. ಎದ್ದು ಹೋಗಲು ಕೂಸಿಗೆ ಬಾರದು. ಬೀಡಿ ಹಿಡಿದವರೇ ಅಂಗಳ ದಾಟಬೇಕು.